ಇಲ್ಟಿಡ್ ಬೆವನ್ ಬಾಯಿ ತೆರೆದ ಶನಿವಾರ

ಪೆನ್‌ಕ್ರೈಗ್ ಟೌನ್ ತಂಡಕ್ಕೆ ಇಲ್ಟಿಡ್ ಬೆವನ್ ಹನ್ನೊಂದು ವರ್ಷ ಆಡಿದ. ಪಂದ್ಯ ನಾನೂರ ಹನ್ನೆರಡು. ಗೋಲು ಐದು, ಅದರಲ್ಲಿ ಮೂರು ನಮ್ಮದೇ ಬಲೆಗೆ. ಉಳಿದ ಎರಡರಲ್ಲಿ ಒಂದು ಅವನ ಬೆನ್ನಿಗೆ ಬಡಿದು ಒಳಗೆ ಹೋದದ್ದು. ಆಗ ಅವನು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಆದರೆ ಗೋಲು ಎಣಿಸಿ ಇಲ್ಟಿಡ್‌ನನ್ನು ಅಳೆಯುವವರಿಗೆ ಫುಟ್‌ಬಾಲಿನ ಗಂಧಗಾಳಿಯೂ ಇಲ್ಲ. ಅವನು ಹಿಂದೆ ನಿಲ್ಲುವವನು, ತಡೆಯುವವನು. ಏನೂ ಆಗದಂತೆ ನೋಡಿಕೊಳ್ಳುವುದೇ ಅವನ ಕೆಲಸ. ಏನೂ ಆಗದಿದ್ದಾಗ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಏನಾದರೂ ಆಯಿತೋ, ಐದು ಸಾವಿರ ಜನ ಒಟ್ಟಿಗೆ ಹೆಸರು ಹಿಡಿದು ಬೈಯುತ್ತಾರೆ. ಇಂಥ ಕೆಲಸವನ್ನು ಯಾರಾದರೂ ಬೇಕೆಂದು ಆರಿಸಿಕೊಳ್ಳುತ್ತಾರೆಯೇ? ಇಲ್ಟಿಡ್ ಆರಿಸಿಕೊಂಡಿದ್ದ, ಅದೂ ಖುಷಿಯಿಂದ.

ಆಳು ಆರಡಿ ಎರಡಿಂಚು. ಕುತ್ತಿಗೆ ಇದೆಯೋ ಇಲ್ಲವೋ ಹೇಳುವುದು ಕಷ್ಟ, ಹಣೆ ಮಾತ್ರ ಧಾರಾಳವಾಗಿತ್ತು. ಎತ್ತರದಲ್ಲಿ ಬಂದ ಚೆಂಡು ಆ ಹಣೆಗೆ ಬಡಿದು ಬಂದಲ್ಲಿಗೇ ಹಿಂದಿರುಗುತ್ತಿತ್ತು. ಕಾಲಿಗೆ ಸಿಕ್ಕಿದ ಚೆಂಡು ಪ್ರೇಕ್ಷಕರ ಸ್ಟ್ಯಾಂಡಿನ ತಗಡಿನ ಚಾವಣಿ ದಾಟಿ ಹಿಂದಿನ ತರಕಾರಿ ತೋಟಗಳಿಗೆ ಬೀಳುತ್ತಿತ್ತು. ಅಲ್ಲಿ ಸ್ಪರ್ಧೆಗೆಂದು ಲೀಕ್ ಈರುಳ್ಳಿ ಬೆಳೆಯುತ್ತಿದ್ದ ನಿವೃತ್ತ ಗಣಿಯವರು ಶನಿವಾರ ಮಧ್ಯಾಹ್ನ ಗಿಡಗಳ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಿದ್ದರು. ಚೆಂಡು ಬಿದ್ದರೆ ಕ್ಷಮೆ ಕೇಳುವ ತನಕ ವಾಪಸು ಕೊಡುತ್ತಿರಲಿಲ್ಲ. ಹಾಗಾಗಿ ಸೋಮವಾರ ಬೆಳಿಗ್ಗೆ ತೋಟದಿಂದ ತೋಟಕ್ಕೆ ಹೋಗಿ, ಟೋಪಿ ತೆಗೆದು, "ತಪ್ಪಾಯ್ತು" ಎಂದು ಹೇಳಿ ಚೆಂಡು ತರುವುದೂ ಇಲ್ಟಿಡ್‌ನ ಉದ್ಯೋಗದ ಒಂದು ಭಾಗವೇ ಆಗಿತ್ತು.

ನಮ್ಮ ತಂಡ ಆಡುತ್ತಿದ್ದದ್ದು ನಾಲ್ಕನೇ ವಿಭಾಗದಲ್ಲಿ. ಅದರ ಕೆಳಗೆ ಐದನೆಯದು ಇರಲಿಲ್ಲ. ವರ್ಷದ ಕೊನೆಗೆ ಪಟ್ಟಿಯ ತಳದಲ್ಲಿ ಉಳಿದ ನಾಲ್ಕು ತಂಡಗಳು ಲಂಡನ್ನಿಗೆ ಹೋಗಿ, ಮಿಕ್ಕ ತಂಡಗಳ ಮುಂದೆ ಕೈಕಟ್ಟಿ ನಿಂತು, ಇನ್ನೊಂದು ವರ್ಷ ನಮ್ಮನ್ನು ಇಟ್ಟುಕೊಳ್ಳಿ ಎಂದು ಓಟು ಬೇಡಬೇಕಿತ್ತು. ಓಟು ಬೀಳದಿದ್ದರೆ ಗಂಟುಮೂಟೆ ಕಟ್ಟುವುದೇ. ಪೆನ್‌ಕ್ರೈಗ್‌ನವರಿಗೆ ಸೋಲು ರೂಢಿಯಾಗಿತ್ತು, ಆದರೆ ಗಡಿಯಾಚೆಯ ಇಂಗ್ಲಿಷರ ಮುಂದೆ ಬೇಡುವುದು ಮಾತ್ರ ಜೀವ ಹೋದ ಹಾಗೆ.

ಇಲ್ಟಿಡ್‌ನಿಗೆ ಇದಕ್ಕಿಂತ ದೊಡ್ಡ ಸಂಕಟ ಮನೆಯೊಳಗೇ ಇತ್ತು. ಅವನ ಅಪ್ಪ ಗೊರೊನ್ವಿ ಬೆವನ್ ಕಲ್ಲಿದ್ದಲು ಗಣಿಯ ದೀಪದ ಕೋಣೆಯಲ್ಲಿ ಕೆಲಸಕ್ಕಿದ್ದರು. ಆದರೆ ಊರಿಗೆ ಅವರು ಗೊತ್ತಿದ್ದದ್ದು ಹೆರ್ಮನ್ ಚಾಪೆಲ್ ಎಂಬ ಪ್ರಾರ್ಥನಾಮಂದಿರದಲ್ಲಿ ಕೀರ್ತನೆ ಹಾಡಿಸುವವರೆಂದು. ಮೂವತ್ತೆಂಟು ವರ್ಷದಿಂದ ಅವರ ಕೈ ಎದ್ದಾಗ ಪೆನ್‌ಕ್ರೈಗ್ ಹಾಡಿದೆ, ಕೈ ಇಳಿದಾಗ ಬಾಯಿ ಮುಚ್ಚಿದೆ. ಮೇಯರನ್ನು ಬೀದಿಯಲ್ಲಿ ಕಂಡರೆ ಜನ ತಲೆ ಆಡಿಸುತ್ತಿದ್ದರು. ಗೊರೊನ್ವಿಯವರನ್ನು ಕಂಡರೆ ಸಿಗರೇಟು ಬಚ್ಚಿಡುತ್ತಿದ್ದರು. ಈ ಕಥೆಯ ಹೊತ್ತಿಗೆ ಮಗ ಎಂಟು ವರ್ಷದಿಂದ ಮನೆಯಿಂದ ಐದು ನಿಮಿಷದ ದಾರಿಯಲ್ಲಿರುವ ಮೈದಾನದಲ್ಲಿ ಆಡುತ್ತಿದ್ದರೂ ಅವರು ಒಮ್ಮೆಯೂ ಅತ್ತ ಕಾಲಿಟ್ಟಿರಲಿಲ್ಲ. ಮಗ ಏನು ಮಾಡುತ್ತಾನೆಂದು ಪರವೂರಿನ ಪಾದ್ರಿಗಳು ಕೇಳಿದರೆ "ಬಯಲಲ್ಲಿ ಕೆಲಸ" ಎಂದು ಮಾತು ತಿರುಗಿಸುತ್ತಿದ್ದರು.

ಅಪ್ಪ ಒಂದು ದಿನ ಬಂದು ನೋಡಲಿ, ನೋಡಿ ಏನಾದರೂ ಅನ್ನಲಿ, ಬೇಕಾದರೆ ಬೈಯಲಿ. ಇಲ್ಟಿಡ್ ಬಯಸಿದ್ದು ಅಷ್ಟೇ. ಇಪ್ಪತ್ತೇಳು ವರ್ಷದ ಆಳು, ಮದುವೆಯಾಗಿಲ್ಲ, ಶನಿವಾರ ಸಂಜೆ ಹಣೆ ಊದಿಸಿಕೊಂಡು ಬಂದು ಅಪ್ಪನ ಎದುರು ಕೂತು ಊಟ ಮಾಡುತ್ತಿದ್ದ. ಅಪ್ಪ ಉಪ್ಪು ಕೇಳುತ್ತಿದ್ದರು, ಮರುದಿನ ಹಾಡುವ ಕೀರ್ತನೆಯ ಮಾತು ತೆಗೆಯುತ್ತಿದ್ದರು. ಯಾಕೆಂದರೆ ಭಾನುವಾರ ಇಲ್ಟಿಡ್ ಹೆರ್ಮನ್‌ನಲ್ಲಿ ಎರಡನೇ ಸಾಲಿನ ಕೆಳದನಿಯ ಹಾಡುಗಾರ. ಹದಿನಾಲ್ಕನೇ ವಯಸ್ಸಿಗೆ ದನಿ ಒಡೆದಂದಿನಿಂದ ಅಲ್ಲೇ ನಿಲ್ಲುತ್ತಿದ್ದ, ಅಪ್ಪನ ಎಡಗೈಯನ್ನು ನೋಡುತ್ತಾ. ನೆಲಮಾಳಿಗೆಯಿಂದ ಬಂದಂಥ ದನಿ ಅವನದು. ಹಾಡುವಾಗ ಮುಂದಿನ ಬೆಂಚಿನ ಮುದುಕಿಯರಿಗೆ ಕಾಲಡಿಯ ಹಲಗೆ ನಡುಗುವುದು ಗೊತ್ತಾಗುತ್ತಿತ್ತು.

ಆ ವರ್ಷ ಏಪ್ರಿಲ್ ಮುಗಿಯುವ ಹೊತ್ತಿಗೆ ಎರಡು ಪಂದ್ಯ ಉಳಿದಿದ್ದವು, ಎರಡೂ ನಮ್ಮ ಮೈದಾನದಲ್ಲೇ. ತಳದ ನಾಲ್ಕರಿಂದ ಪಾರಾಗಲು ಒಂದೇ ಒಂದು ಅಂಕ ಬೇಕಿತ್ತು. ಎರಡರಲ್ಲಿ ಒಂದು ಪಂದ್ಯ ಸಮವಾದರೂ ಸಾಕು. ಅದೇ ವಾರ ಗುರುವಾರ, ಇಲ್ಟಿಡ್ ತಂಡದ ಅಭ್ಯಾಸಕ್ಕೆ ಹೋಗಿದ್ದಾಗ, ಹೆರ್ಮನ್‌ನಲ್ಲಿ ಹಾಡಿನ ಅಭ್ಯಾಸ ನಡೆದಿತ್ತು. ಗೊರೊನ್ವಿ ನಡುವೆಯೇ ಕೋಲು ಕುಟ್ಟಿ ನಿಲ್ಲಿಸಿದರು.

"ಮೂರನೇ ಸಾಲನ್ನ ಯಾಕೆ ಹೀಗೆ ಎಳೀತಿದೀರಿ? ಹಸು ಬಾವಿಗೆ ಬಿದ್ದಿದೆಯಾ?"

ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಕೊನೆಗೆ ಕಟುಕ ಮಾಲ್ಡ್ವಿನ್ ಬಾಯಿಬಿಟ್ಟ. "ಸ್ಟ್ಯಾಂಡಲ್ಲಿ ಹಾಡಿ ಹಾಡಿ ಅಭ್ಯಾಸ ಆಗೋಗಿದೆ, ಮಿಸ್ಟರ್ ಬೆವನ್. ಅಲ್ಲಿ ಗಾಳಿ ಜಾಸ್ತಿ. ಎಳೀಲಿಲ್ಲ ಅಂದ್ರೆ ಆ ಕಡೆಯವ್ರಿಗೆ ಕೇಳ್ಸಲ್ಲ."

"ಯಾವ ಸ್ಟ್ಯಾಂಡು?"

"ಫುಟ್ಬಾಲ್ ಸ್ಟ್ಯಾಂಡು."

"ಈ ಕೀರ್ತನೇನ? ಅಲ್ಲಿ ಹಾಡ್ತೀರಾ?"

"ಗೋಲು ಬೀಳೋ ಹಂಗಿದ್ದಾಗ ಹಾಡ್ತೀವಿ. ಅಂದ್ರೆ ಎಲ್ಲಾ ಶನಿವಾರಾನೂ."

ಗೊರೊನ್ವಿ ಬೆಂಚಿನ ಮೇಲೆ ಕುಸಿದು ಕೂತರು. ಸಾವಿನ ಸುದ್ದಿ ಕೇಳಿದರೂ ಅವರು ಹಾಗೆ ಕೂತವರಲ್ಲ. ತಮ್ಮ ಹಾಡನ್ನು ಹಾಳುಮಾಡುತ್ತಿರುವ ರೋಗದ ಬೇರು ಎಲ್ಲಿದೆಯೆಂದು ಕಣ್ಣಾರೆ ನೋಡಲೇಬೇಕು ಎಂದು ಅಲ್ಲೇ ತೀರ್ಮಾನಿಸಿದರು.

ಇದು ಯಾವುದೂ ಇಲ್ಟಿಡ್‌ನಿಗೆ ತಿಳಿಯದು. ಶುಕ್ರವಾರ ಚಹದ ಹೊತ್ತಿಗೆ ಅವನ ಅಮ್ಮ ಮಾರ್ಗೆಡ್ ಬಿಸಿ ಕಾವಲಿಯ ಮೇಲೆ ಒಣದ್ರಾಕ್ಷಿ ಹಾಕಿದ ರೊಟ್ಟಿ ತಿರುವುತ್ತಾ ಹೇಳಿದಳು, "ನಾಳೆ ನಿಮ್ಮಪ್ಪ ಆಟಕ್ಕೆ ಬರ್ತಾರಂತೆ ಕಣೋ."

ಇಲ್ಟಿಡ್‌ನ ಕೈಲಿದ್ದ ರೊಟ್ಟಿ ಚಹದೊಳಗೆ ಬಿತ್ತು. "ಯಾಕೆ?"

"ನಾನೂ ಅದನ್ನೇ ಕೇಳ್ದೆ. 'ನೋಡ್ಬೇಕು' ಅಂದ್ರು."

ನೋಡಬೇಕು! ಎಂಟು ವರ್ಷಕ್ಕೆ ಆ ಒಂದು ಮಾತು ಸಿಕ್ಕಿತು. ಅಂದು ಅವನು ಬೂಟಿಗೆ ಮೂರು ಸಲ ಪಾಲಿಶ್ ಹಾಕಿದ. ಮರುದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ತಲೆಗೆ ಎಣ್ಣೆ ಬಳಿದು ಬಾಚಿಕೊಳ್ಳುತ್ತಿರುವುದನ್ನು ಗೋಲ್‌ಕೀಪರ್ ಕ್ಲೆಡ್ವಿನ್ ನೋಡಿದ. ಅವನೂ ಹೆರ್ಮನ್‌ನವನೇ, ಮೇಲ್ದನಿಯ ಹಾಡುಗಾರ.

"ಏನಯ್ಯಾ, ಮದ್ವೆಗಾ?"

"ಅಪ್ಪ ಬರ್ತಿದಾರೆ."

"ಯಾರಪ್ಪ?" ಎಂದ ಕ್ಲೆಡ್ವಿನ್. ಆಮೇಲೆ ಅರ್ಥವಾಗಿ, ಅವನೂ ಸದ್ದಿಲ್ಲದೆ ಬಾಚಣಿಗೆ ಕೇಳಿ ಇಸಿದುಕೊಂಡ.

ಅಂದು ಎದುರಾಳಿ ಇಂಗ್ಲೆಂಡಿನ ಯಾವುದೋ ಸಮುದ್ರತೀರದ ಊರಿನ ತಂಡ. ಇಲ್ಟಿಡ್ ಮೊದಲ ಅರ್ಧ ಆಡಿದಂತೆ ಜನ್ಮದಲ್ಲಿ ಆಡಿರಲಿಲ್ಲ. ಎದುರಾಳಿಯ ಮುನ್ನುಗ್ಗುವ ಆಟಗಾರ ಸಣಕಲು ಕೆಂಪುಕೂದಲಿನವನು. ಅವನು ಎತ್ತ ತಿರುಗಿದರೂ ಅಲ್ಲಿ ಇಲ್ಟಿಡ್‌ನ ಎದೆ. ಬೇಸತ್ತು ಅವನು ಕೇಳಿಯೇಬಿಟ್ಟ, "ನಿಂಗೆ ಮನೆ ಮಠ ಇಲ್ವಾ?" ಇಲ್ಟಿಡ್‌ನ ಮನೆಯೇ ಅಂದು ಸ್ಟ್ಯಾಂಡಿನಲ್ಲಿ ಕೂತಿತ್ತು. ಪ್ರತಿ ಸಲ ಚೆಂಡು ಕಿತ್ತುಕೊಂಡಾಗಲೂ ಅವನು ಅತ್ತ ಕಣ್ಣು ಹಾಯಿಸುತ್ತಿದ್ದ. ಕರಿಯ ಟೋಪಿ, ಕರಿಯ ಕೋಟು, ಏಳನೇ ಮೆಟ್ಟಿಲು. ಟೋಪಿ ಮೈದಾನದ ಕಡೆ ತಿರುಗಿರಲಿಲ್ಲ. ಅದು ಎಡಕ್ಕೂ ಬಲಕ್ಕೂ ತಿರುಗಿ ಜನರ ಬಾಯಿಗಳನ್ನು ನೋಡುತ್ತಿತ್ತು. ದೂರದಿಂದ ಅದು ಇಲ್ಟಿಡ್‌ನಿಗೆ ಗೊತ್ತಾಗಲಿಲ್ಲ, ಪಾಪ.

ಎಂಬತ್ತನೇ ನಿಮಿಷದ ತನಕ ಯಾರಿಗೂ ಗೋಲಿಲ್ಲ. ಹತ್ತು ನಿಮಿಷ ತಳ್ಳಿದರೆ ಲಂಡನ್ನಿಗೆ ಹೋಗುವುದು ತಪ್ಪಿತು. ಎದುರಾಳಿಗಳು ಒತ್ತಿಕೊಂಡು ಬಂದರು, ಜನಕ್ಕೆ ಗಂಟಲು ಒಣಗಿತು, ಗಂಟಲು ಒಣಗಿದಾಗ ಪೆನ್‌ಕ್ರೈಗ್‌ನವರು ಮಾಡುವುದು ಒಂದೇ. ಕೀರ್ತನೆ ಶುರುವಾಯಿತು, ಯಾವತ್ತಿನಂತೆ ಎಳೆದುಕೊಂಡು, ಒಬ್ಬೊಬ್ಬರು ಒಂದೊಂದು ಕಡೆಗೆ. ಗೊರೊನ್ವಿ ಎರಡು ಸಾಲು ತಡೆದುಕೊಂಡರು. ಆಮೇಲೆ ತಡೆಯಲಾಗಲಿಲ್ಲ. ಬೆಂಚಿನ ಮೇಲೆ ಹತ್ತಿ ನಿಂತು ಕೈ ಎತ್ತಿದರು.

ಮೈದಾನದಲ್ಲಿ ಇದ್ದವರು ಇಂದಿಗೂ ಅದನ್ನು ಹೇಳುತ್ತಾರೆ. ಕೈ ಎದ್ದದ್ದೇ ತಡ, ಐದು ಸಾವಿರ ಜನರ ಕಿರುಚಾಟ ಹಾಡಾಯಿತು. ತಗಡಿನ ಚಾವಣಿ ಗುಂಯ್‌ಗುಟ್ಟಿತು. ರೆಫರಿ ಒಂದು ಗಳಿಗೆ ಸೀಟಿ ಕೈಲಿ ಹಿಡಿದು ನಿಂತುಬಿಟ್ಟ. ಎರಡನೇ ಚರಣದ ಮೂರನೇ ಸಾಲು ಬಂತು. ಆ ಸಾಲಿನಲ್ಲಿ ಎಲ್ಲ ದನಿಗಳೂ ಒಂದು ತಾಳ ಸುಮ್ಮನಾಗಬೇಕು, ಕೆಳದನಿಯವರು ಮಾತ್ರ ಒಳಗೆ ಬರಬೇಕು. ಗೊರೊನ್ವಿಯವರ ಎಡಗೈ ಕೆಳದನಿಯನ್ನು ಹುಡುಕಿತು. ಕೆಳದನಿಯವರು ಸ್ಟ್ಯಾಂಡಿನ ತುದಿಯಲ್ಲಿ, ಬಾವುಟ ಹಿಡಿದು ಗೆರೆ ಕಾಯುವ ಲೈನ್ಸ್‌ಮನ್ನನಿಗೆ ಅವನ ವಂಶಾವಳಿ ಹೇಳುವುದರಲ್ಲಿ ಮುಳುಗಿದ್ದರು. ಕೈ ಅವರನ್ನು ಬಿಟ್ಟಿತು. ನಂಬಬಹುದಾದ ಒಬ್ಬನೇ ಒಬ್ಬ ಕೆಳದನಿಯವನು ಕಣ್ಣೆದುರಿಗಿದ್ದ. ಕೈ ನೇರ ಮೈದಾನದ ನಡುವಿಗೆ ಚಾಚಿತು.

ಇಲ್ಟಿಡ್ ಆಗ ಇನ್ನೊಮ್ಮೆ ಅಪ್ಪನ ಕಡೆ ನೋಡಿದ್ದ. ಹದಿಮೂರು ವರ್ಷ ನೋಡಿದ ಕೈ. ಅವನ ತಲೆಗೆ ಯೋಚಿಸಲು ಪುರುಸೊತ್ತೇ ಸಿಗಲಿಲ್ಲ. ಕಾಲು ನಿಂತವು, ಕೈಗಳು ತಾವಾಗಿ ಬೆನ್ನ ಹಿಂದೆ ಕಟ್ಟಿಕೊಂಡವು, ಗದ್ದ ಎದೆಗಿಳಿಯಿತು, ಬಾಯಿ ತೆರೆಯಿತು. ಮೈದಾನದ ನಟ್ಟನಡುವೆ, ಒಬ್ಬನೇ, ತಾಳಕ್ಕೆ ಸರಿಯಾಗಿ ಅವನು ಒಳಗೆ ಬಂದ.

ಕೆಂಪುಕೂದಲಿನವನು ಚೆಂಡಿನ ಸಮೇತ ಅವನ ಪಕ್ಕದಲ್ಲೇ ಹೋದ. ಹೋಗುವಾಗ ಒಮ್ಮೆ ತಿರುಗಿ ನೋಡಿದ ಕೂಡ, ಇದರಲ್ಲೇನೋ ಮೋಸವಿದೆ ಎಂದು. ಕ್ಲೆಡ್ವಿನ್ ಗೋಲಿನಲ್ಲಿ ಇದ್ದ, ನಿಜ. ಆದರೆ ಮೇಲ್ದನಿಯವರು ಬರಬೇಕಾದದ್ದು ಕೆಳದನಿಯ ಎರಡು ತಾಳದ ನಂತರ, ಮತ್ತು ಅವನು ಅದಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದ. ಇದನ್ನು ಅವನು ಒಪ್ಪಿಕೊಂಡದ್ದು ಇಪ್ಪತ್ತು ವರ್ಷದ ನಂತರ.

ಒಂದಕ್ಕೆ ಸೊನ್ನೆ. ಸೋತೆವು. ಮ್ಯಾನೇಜರ್ ರೆಗ್ ಟಟರ್ಸಲ್ ಇಂಗ್ಲೆಂಡಿನ ಉತ್ತರದಿಂದ ಬಂದವನು. ನಮ್ಮಲ್ಲಿ ಮೂರು ವರ್ಷವಿದ್ದರೂ ಹಾಡನ್ನು ಮಳೆಯ ಸದ್ದಿನಂತೆ ಕೇಳಿ ಬಿಟ್ಟವನು. ಬಟ್ಟೆ ಬದಲಿಸುವ ಕೋಣೆಯಲ್ಲಿ ಇಲ್ಟಿಡ್‌ನ ಎದುರು ಬಂದು ನಿಂತ.

"ಬಾಯಿ ಯಾಕೆ ತೆಗ್ದೆ?"

"ನಾನು ಬರೋ ಜಾಗ ಅದು, ಬಾಸ್."

"ನೀನು ಬರೋ ಜಾಗ ಅವ್ನ ಕಾಲಿನ ಹತ್ರ ಕಣೋ! ಸೋಮವಾರ ಬಾ, ಮಾತಾಡೋಣ."

ಸಂಜೆ ಬೀದಿಬೀದಿಯಲ್ಲೂ ಇದೇ ಮಾತು. ಅರ್ಧ ಊರು ಇಲ್ಟಿಡ್‌ನನ್ನು ಗಣಿಗೆ ನೂಕಬೇಕು ಅಂದಿತು. ಇನ್ನರ್ಧ ಊರು, ದನಿ ಮಾತ್ರ ಚೊಕ್ಕವಾಗಿ ಬಿತ್ತಪ್ಪಾ ಅಂದಿತು. ಮನೆಯಲ್ಲಿ ಮಾರ್ಗೆಡ್ ಕೈಮಾ ಉಂಡೆ, ಬಟಾಣಿ ಬಡಿಸಿದಳು. ಗೊರೊನ್ವಿ ಕರವಸ್ತ್ರದಿಂದ ಮೀಸೆ ಒರೆಸಿಕೊಂಡು ಹೇಳಿದರು, "ಕೆಳದನಿ ಸರಿಯಾಗಿ ಬಂತು."

ಇಲ್ಟಿಡ್ ಚಮಚ ಕೆಳಗಿಟ್ಟ. ಹುಟ್ಟಿದಂದಿನಿಂದ ಅಪ್ಪನೆದುರು ದನಿ ಏರಿಸದವನು. "ಅಪ್ಪಾ, ಗೋಲಾಯ್ತು!"

"ಯಾವಾಗ?"

ಮಾರ್ಗೆಡ್ ಕಣ್ಣು ಮುಚ್ಚಿಕೊಂಡಳು. ಇಲ್ಟಿಡ್‌ನ ಹಣೆ ಕೆಂಪಾಗಿ, ಆಮೇಲೆ ಬೆಳ್ಳಗಾಯಿತು. "ಯಾವಾಗಾ? ನಾನು ಹಾಡ್ತಾ ನಿಂತಿದ್ದಾಗ! ನೀವು ಕೈ ತೋರ್ಸಿದಾಗ! ನನ್ನ ಆಟ ನೋಡೋಕೆ ಬಂದ್ರಿ ಅಂದ್ಕೊಂಡಿದ್ದೆ, ಅಪ್ಪಾ. ಒಂದ್ಸಲನಾದ್ರೂ ನನ್ನ ಕಡೆ ನೋಡಿದ್ರಾ ನೀವು?"

ಇಲ್ಟಿಡ್ ಊಟ ಬಿಟ್ಟು ಮೇಲೆ ಹೋದ. ಮಂಚ ಕಿರ್ರೆಂದದ್ದು ಕೆಳಗೆ ಕೇಳಿಸಿತು. ದೊಡ್ಡ ಗಂಡಸು, ಅಳುತ್ತಿದ್ದ. ಮರುದಿನ ಚಾಪೆಲ್‌ನಲ್ಲಿ ಗೊರೊನ್ವಿ ಎಡಗೈಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಒಂದೇ ಕೈಯಲ್ಲಿ ಹಾಡಿಸಿದರು. ಕೈಗೆ ಏನೋ ಆಗಿದೆಯೆಂದು ಹೆಂಗಸರು ಮುಲಾಮು ಕಳಿಸಿದರು.

ಸೋಮವಾರ ಇಲ್ಟಿಡ್ ಮ್ಯಾನೇಜರನ ಕೋಣೆಯ ಬಾಗಿಲಿಗೆ ಹೋದಾಗ ಒಳಗೆ ಆಗಲೇ ಯಾರೋ ಇದ್ದರು. ಬಾಗಿಲು ತೆಳ್ಳಗಿತ್ತು. ಅಪ್ಪನ ದನಿ!

"ನಾನು ಹೆರ್ಮನ್ ಚಾಪೆಲ್ಲಿನ ಗೊರೊನ್ವಿ ಬೆವನ್."

"ಕೂತ್ಕೊಳ್ಳಿ, ಮಿಸ್ಟರ್ ಬೆವನ್."

"ನಿಂತೇ ಹೇಳ್ತೀನಿ. ಶನಿವಾರದ ಗೋಲು ನಂದು."

"ನಿಮ್ದಾ?"

"ನಂದೇ. ಕೈ ತೋರ್ಸಿದ್ದು ನಾನು. ನಾನು ಕೈ ತೋರ್ಸಿದ್ರೆ ಅವ್ನು ಹಾಡ್ಲೇಬೇಕು. ಹಾಗೇ ಬೆಳ್ಸಿದೀನಿ."

"ನೋಡಿ, ಮೂವತ್ತು ವರ್ಷದಿಂದ ಈ ಆಟದಲ್ಲಿದೀನಿ," ಎಂದ ಟಟರ್ಸಲ್. "ಹೊಟ್ಟೆನೋವಿಗೆ ಗೋಲು ಬಿಟ್ಟೋರ್ನ ಕಂಡಿದೀನಿ, ಕುಡ್ದು ಬಿಟ್ಟೋರ್ನ ಕಂಡಿದೀನಿ, ಹೆಂಡ್ತಿ ಮೇಲಿನ ಸಿಟ್ಟಿಗೆ ಬಿಟ್ಟೋರೂ ಇದಾರೆ. ಹಾಡೋಕ್ ಹೋಗಿ ಬಿಟ್ಟೋನು ಇವ್ನೊಬ್ನೇ. ಮುಂದಿನ ಆಟಕ್ಕೆ ಅವ್ನು ಬೇಡ ಅಂತ ಬರ್ದಾಗಿದೆ."

"ಹರಿದಾಕಿ."

"ಏನಂದ್ರಿ?"

"ಮೂವತ್ತೆಂಟು ವರ್ಷದಲ್ಲಿ ನಾನು ತಪ್ಪು ಜಾಗದಲ್ಲಿ ಕೈ ಎತ್ತಿದ್ದು ಇದೊಂದೇ ಸಲ. ತಪ್ಪು ನಂದು. ಶಿಕ್ಷೆ ನನಗೆ ಕೊಡಿ. ಅವ್ನು ಒಳ್ಳೇ ಆಟಗಾರ ಅಂತ ಎಲ್ರೂ ಅಂತಾರೆ. ನನಗೆ ಗೊತ್ತಿಲ್ಲ, ನಾನು ನೋಡ್ಲಿಲ್ಲ. ಅದೂ ನನ್ನ ತಪ್ಪೇ."

ಗೊರೊನ್ವಿ ಬೆವನ್ ತಪ್ಪು ಒಪ್ಪಿಕೊಳ್ಳುವುದನ್ನು ಪೆನ್‌ಕ್ರೈಗ್‌ನಲ್ಲಿ ಯಾರೂ ಕೇಳಿರಲಿಲ್ಲ. ಇಲ್ಟಿಡ್ ಬಾಗಿಲಿಗೆ ಕಿವಿ ಹಚ್ಚಿದ. ಒಳಗೆ ಟಟರ್ಸಲ್‌ನ ದನಿ ಏರಿತು.

"ನಿಮ್ಗೇನ್ರೀ ಶಿಕ್ಷೆ ಕೊಡ್ಲಿ? ನೀವು ನನ್ನ ಟೀಮಲ್ಲೇ ಇಲ್ವಲ್ಲ!" ಆಮೇಲೆ ಕುರ್ಚಿ ಸರಿದ ಸದ್ದಾಯಿತು. "ಸರಿ. ಅವ್ನು ಆಡ್ಲಿ. ಆದ್ರೆ ಶನಿವಾರ ನೀವು ಸ್ಟ್ಯಾಂಡಿಗೆ ಹೋಗೋ ಹಾಗಿಲ್ಲ. ಮೈದಾನದಂಚಿನ ಬೆಂಚಲ್ಲಿ ನನ್ನ ಪಕ್ಕ ಕೂರ್ಬೇಕು. ಕೈ ಎತ್ತಿದ್ರೆ ಹಗ್ಗ ಹಾಕಿ ಕಟ್ತೀನಿ, ಹೇಳಿರ್ತೀನಿ."

"ಹಗ್ಗ ಬೇಡ. ಕೈ ಮೇಲೆ ಕೂತ್ಕೊಳ್ತೀನಿ."

ಶನಿವಾರ ಅವರು ಹಾಗೇ ಕೂತರು. ಭಾನುವಾರದ ಕರಿಯ ಕೋಟು, ಟೋಪಿ, ಎರಡೂ ಅಂಗೈ ತೊಡೆಯ ಕೆಳಗೆ. ಬದಲಿ ಆಟಗಾರ ಕೊಟ್ಟ, ಮಾಂಸ ತುಂಬಿದ ಬಿಸಿ ಪೈಯನ್ನು ಕೈ ಹೊರಗೆ ತೆಗೆಯಬೇಕಾಗುತ್ತದೆಂದು ಬೇಡ ಅಂದರು. ಎದುರಾಳಿಗಳು ಈ ಸಲ ಗಟ್ಟಿಗರು. ಅವರ ಒಂಬತ್ತನೇ ನಂಬರಿನವನು ಆ ವರ್ಷ ಇಪ್ಪತ್ತಾರು ಗೋಲು ಹೊಡೆದಿದ್ದವನು, ಮುಂದಿನ ವರ್ಷ ದೊಡ್ಡ ವಿಭಾಗಕ್ಕೆ ಹೋಗುವವನು. ಅವನು ಎಡಕ್ಕೆ ಭುಜ ಹಾಕಿ ಬಲಕ್ಕೆ ಜಾರುವುದನ್ನು ತಡೆದವರೇ ಇರಲಿಲ್ಲ. ಇಲ್ಟಿಡ್ ತಡೆದ. ಮೊದಲರ್ಧದಲ್ಲಿ ಐದು ಸಲ, ಎರಡನೆಯದರಲ್ಲಿ ಎಷ್ಟೋ. ಮೊಣಕಾಲಿನ ಚರ್ಮ ಹೋಯಿತು. ಎರಡು ಚೆಂಡು ಲೀಕ್ ತೋಟಕ್ಕೆ ಹೋದವು.

ಕೊನೆಗೆ ಆರು ನಿಮಿಷ ಇದ್ದಾಗ ಜನ ಕೀರ್ತನೆ ಎತ್ತಿಕೊಂಡರು. ಮೂರನೇ ಸಾಲು ಹತ್ತಿರ ಬಂತು. ಐದು ಸಾವಿರ ಮುಖಗಳು ಬೆಂಚಿನ ಕಡೆ ತಿರುಗಿದವು. ಗೊರೊನ್ವಿಯವರ ಕಿವಿ ಕೆಂಪಾಯಿತು, ಭುಜ ನಡುಗಿತು, ಕೈ ಮಾತ್ರ ಅಲುಗಲಿಲ್ಲ. ಹಾಡು ಮೂರು ತುಂಡಾಗಿ ಒಡೆದು, ಅಲ್ಲೊಬ್ಬ ಇಲ್ಲೊಬ್ಬ ಗೊಣಗಿ ಸತ್ತೇಹೋಯಿತು. ಅಷ್ಟು ಕೆಟ್ಟದಾಗಿ ಪೆನ್‌ಕ್ರೈಗ್ ಯಾವತ್ತೂ ಹಾಡಿರಲಿಲ್ಲ. ಆ ಹೊತ್ತಿಗೇ ಒಂಬತ್ತನೇ ನಂಬರಿನವನು ಚೆಂಡು ತೆಗೆದುಕೊಂಡು ಬಂದ, ಎಡಕ್ಕೆ ಭುಜ ಹಾಕಿದ. ಇಲ್ಟಿಡ್ ಅತ್ತ ಹೋಗಲಿಲ್ಲ. ಬಲಕ್ಕೆ ಕಾಲು ಚಾಚಿ ಮಲಗಿಯೇ ಚೆಂಡನ್ನು ಸ್ವಚ್ಛವಾಗಿ ಕಿತ್ತ. ಏಳುವಾಗ ಬೆಂಚಿನ ಕಡೆ ನೋಡಿದ. ಅಪ್ಪ ಕೈ ಮೇಲೆ ಕೂತೇ ಮುಂದಕ್ಕೆ ಬಾಗಿದ್ದರು. ಕಣ್ಣು ಜನರ ಮೇಲಿರಲಿಲ್ಲ. ತನ್ನ ಮೇಲಿತ್ತು.

ಸೊನ್ನೆಗೆ ಸೊನ್ನೆ. ಏನೂ ಆಗಲಿಲ್ಲ, ನಾವು ಉಳಿದುಕೊಂಡೆವು. ಟಟರ್ಸಲ್ ಗೊರೊನ್ವಿಯವರ ಟೋಪಿಯನ್ನು ಗಾಳಿಗೆ ಎಸೆದು, ಆಮೇಲೆ ಕ್ಷಮೆ ಕೇಳಿದ.

ಸಂಜೆ ಮನೆಯಲ್ಲಿ ಊಟ ಮುಗಿಯಿತು. ಗೊರೊನ್ವಿಯವರ ಬೆರಳುಗಳು ಇನ್ನೂ ಜೋಮು ಹಿಡಿದಿದ್ದವು, ಒಂದೊಂದನ್ನೇ ನೀವಿಕೊಳ್ಳುತ್ತಿದ್ದರು. ಆಮೇಲೆ ಮಗನ ಕಡೆ ತಿರುಗಿದರು.

"ಆ ಒಂಬತ್ತನೇ ನಂಬರಿನೋನು ಎಡಕ್ಕೆ ಹೋಗ್ತೀನಿ ಅಂತ ತೋರ್ಸಿ ಬಲಕ್ಕೆ ಬಂದ್ನಲ್ಲ. ಬಲಕ್ಕೇ ಬರ್ತಾನೆ ಅಂತ ನಿನಗೆ ಮೊದ್ಲೇ ಹೇಗೋ ಗೊತ್ತಾಯ್ತು?"

ಎಂಟು ವರ್ಷದಲ್ಲಿ ಯಾರೂ, ಮ್ಯಾನೇಜರೂ ಕೂಡ, ಇಲ್ಟಿಡ್‌ನನ್ನು ಇಂಥದ್ದೊಂದು ಪ್ರಶ್ನೆ ಕೇಳಿರಲಿಲ್ಲ. "ಸೊಂಟ, ಅಪ್ಪಾ. ಭುಜ ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ," ಎಂದು ಶುರುಮಾಡಿದ. ಬಾಯಲ್ಲಿ ಹೇಳಿದ್ದು ಸಾಲದೆ ಸಕ್ಕರೆ ಡಬ್ಬಿಯನ್ನು ಎಳೆದುಕೊಂಡು ಅದನ್ನು ಒಂಬತ್ತನೇ ನಂಬರು ಮಾಡಿದ, ಉಪ್ಪಿನ ಬುಡ್ಡಿಯನ್ನು ತಾನು ಮಾಡಿಕೊಂಡ. ಗೊರೊನ್ವಿ ಕನ್ನಡಕ ಹಾಕಿಕೊಂಡು ಕುರ್ಚಿ ಹತ್ತಿರ ಎಳೆದರು. ಮೇಜಿನ ಮೇಲಿದ್ದ ಬಟ್ಟಲು, ಚಮಚ, ಜಾಮಿನ ಸೀಸೆ ಎಲ್ಲವೂ ಒಂದೊಂದಾಗಿ ಮೈದಾನಕ್ಕಿಳಿದವು. ಮಾರ್ಗೆಡ್ ಚಹ ಬಸಿಯಲು ಬಂದು ಟೀಪಾಟಿನ ಹಿಡಿಗೆ ಕೈ ಹಾಕಿದಳು.

"ಮುಟ್ಬೇಡ ಕಣೇ," ಎಂದರು ಗೊರೊನ್ವಿ, ಕಣ್ಣು ಮೇಲೆತ್ತದೆ. "ಅದು ನಮ್ಮ ಗೋಲ್‌ಕೀಪರು."